ವರ್ಷಕ್ಕೆ ಮೂರು ದಿನ ಬೀಳುವ ಹಿಮಕ್ಕೆ ವಿಂಟರ್ ಟೈರ್ ಬೇಕೆ?

ಪ್ರಶ್ನೆ: ಬೆಂಗಳೂರಿನಿಂದ ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ಬಂದು ಒಂದೂವರೆ ವರ್ಷವಾಯಿತು. ಇಲ್ಲಿ ಹಿಮ ಬೀಳುವುದು ವರ್ಷಕ್ಕೆ ಎರಡು-ಮೂರು ದಿನ ಮಾತ್ರ. ನಮ್ಮ ಕಾರು ಆಲ್ ವೀಲ್ ಡ್ರೈವ್. ಹಾಗಿದ್ದೂ ವಿಂಟರ್ ಟೈರ್ ಕೊಳ್ಳಬೇಕೆ ಸರ್?

ಉತ್ತರ: ನವೆಂಬರ್ ಹುಟ್ಟಿತೆಂದರೆ ಈ ಪ್ರಶ್ನೆಯೂ ಹುಟ್ಟುತ್ತದೆ, ಕೇಳುವವರ ಹೆಸರು ಮತ್ತು ಕಾರಿನ ಬಣ್ಣ ಮಾತ್ರ ಬದಲಾಗಿರುತ್ತವೆ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್‌ಗಳ ತಗ್ಗಿನ ಬಡಾವಣೆಗಳಲ್ಲಿ ಮನೆಯಿದ್ದು, ಹಿಮ ಬಿದ್ದ ದಿನ ಮನೆಯಿಂದಲೇ ಕೆಲಸ ಮಾಡಬಲ್ಲವರಿಗೆ ಪ್ರತ್ಯೇಕ ವಿಂಟರ್ ಟೈರ್ ಬೇಡ; ಈಗಿರುವ ಟೈರು ಸವೆದಾಗ ಮೂರು ಶಿಖರ ಮತ್ತು ಹಿಮಹರಳಿನ ಗುರುತಿರುವ, ವರ್ಷವಿಡೀ ಓಡಿಸಬಹುದಾದ ಆಲ್-ವೆದರ್ ಟೈರ್ ಹಾಕಿಸಿಕೊಂಡರೆ ಸಾಕು. ಚಳಿಗಾಲವಿಡೀ ಸ್ಕೀಯಿಂಗ್‌ಗೆಂದು ಸ್ನೋಕ್ವಾಲ್ಮಿ ಪಾಸ್ ಎಂಬ ಬೆಟ್ಟದ ಘಟ್ಟ ಹತ್ತುವವರು ಮತ್ತು ಗುಡ್ಡದ ಮೇಲೆ ಮನೆಯಿದ್ದು ಎಂಥ ದಿನವೂ ಆಸ್ಪತ್ರೆಯ ಪಾಳಿಗೆ ಹೋಗಲೇಬೇಕಾದವರು ಕೊಳ್ಳಬೇಕು, ಮತ್ತು ಕೊಂಡರೆ ನಾಲ್ಕನ್ನೂ ಕೊಳ್ಳಬೇಕು.

ಇಲ್ಲಿಗೆ ನಾನು ಲೇಖನಿ ಕೆಳಗಿಡಬಹುದಿತ್ತು. ಆದರೆ ಪ್ರಶ್ನೆಯ ನಡುವೆ ಒಂದು ಪುಟ್ಟ ವಾಕ್ಯ ಏನೂ ಅರಿಯದಂತೆ ಕುಳಿತಿದೆ: "ನಮ್ಮ ಕಾರು ಆಲ್ ವೀಲ್ ಡ್ರೈವ್." ಬಂದ ಪ್ರಶ್ನೆಗಳಲ್ಲೆಲ್ಲ ಈ ವಾಕ್ಯ ಇದ್ದೇ ಇರುತ್ತದೆ, ಮತ್ತು ಅದರ ಅರ್ಥ "ಹಿಮದ ಚಿಂತೆಯನ್ನು ಷೋರೂಮಿನಲ್ಲೇ ಬಗೆಹರಿಸಿಕೊಂಡು ಬಂದಿದ್ದೇವೆ" ಎಂದಿರುತ್ತದೆ. ಅದು ಬಗೆಹರಿದಿಲ್ಲ.

ಆಲ್ ವೀಲ್ ಡ್ರೈವ್ ಎಂದರೆ ಎಂಜಿನ್ನಿನ ಶಕ್ತಿ ಎರಡು ಚಕ್ರಗಳ ಬದಲು ನಾಲ್ಕಕ್ಕೂ ಹೋಗುತ್ತದೆ ಎಂದಷ್ಟೇ ಅರ್ಥ. ಬ್ರೇಕು ಎಲ್ಲ ಕಾರುಗಳಲ್ಲೂ ಮೊದಲಿನಿಂದ ನಾಲ್ಕು ಚಕ್ರಕ್ಕೂ ಇದೆ. ನೀವು ಹೆಚ್ಚುವರಿ ಹಣ ಕೊಟ್ಟು ಪಡೆದದ್ದು ಹೊರಡುವ ಸಾಮರ್ಥ್ಯವನ್ನು. ನಿಲ್ಲುವ ವಿಷಯದಲ್ಲಿ ನಿಮ್ಮ ಕಾರಿಗೂ ಪಕ್ಕದ ಮನೆಯವರ ಹಳೆಯ ಫ್ರಂಟ್ ವೀಲ್ ಡ್ರೈವ್ ಕಾರಿಗೂ ಯಾವ ವ್ಯತ್ಯಾಸವೂ ಇಲ್ಲ. ತಿರುವಿನಲ್ಲೂ ಅಷ್ಟೆ: ಕಾರು ರಸ್ತೆಯಂಚಿಗೆ ಜಾರದಂತೆ ಹಿಡಿಯುವುದು ಅಂಗೈಯಗಲದ ನಾಲ್ಕು ರಬ್ಬರಿನ ತುಂಡುಗಳೇ ಹೊರತು ಗೇರುಪೆಟ್ಟಿಗೆಯಲ್ಲ.

ಪಿಯುಸಿಯ ಭೌತಶಾಸ್ತ್ರವನ್ನು ನೆನಪಿಸಿಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಹಾಕಿದ ಮೇಲೆ ಕಾರು ಸಾಗುವ ದೂರ ಎಂದರೆ ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವದ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದ್ದು. ಗಂಟೆಗೆ 30 ಮೈಲಿ ವೇಗದಲ್ಲಿದ್ದೀರಿ ಎಂದುಕೊಳ್ಳೋಣ. ಒಣ ಡಾಂಬರಿನ ಮೇಲೆ ಘರ್ಷಣಾಂಕ, ಅಂದರೆ ಟೈರಿಗೂ ನೆಲಕ್ಕೂ ನಡುವಿನ ಹಿಡಿತದ ಅಳತೆ, 0.8 ಆದರೆ ಕಾರು 12 ಮೀಟರಿನೊಳಗೆ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.2ಕ್ಕೆ ಇಳಿದರೆ ಬೇಕಾಗುವುದು 46 ಮೀಟರ್, ಅಂದರೆ ಒಂದರ ಹಿಂದೊಂದು ನಿಂತ ಹತ್ತು ಕಾರುಗಳ ಉದ್ದ. ಈ ಸೂತ್ರದಲ್ಲಿ ವೇಗವಿದೆ, ಗುರುತ್ವವಿದೆ, ರಬ್ಬರಿಗೂ ನೆಲಕ್ಕೂ ಇರುವ ಸಂಬಂಧವಿದೆ. ಎಂಜಿನ್ ಎಷ್ಟು ಚಕ್ರಗಳನ್ನು ತಿರುಗಿಸುತ್ತದೆ ಎಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ. "ಎಂಜಿನ್ ಬ್ರೇಕಿಂಗ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಕಾರನ್ನು ನಿಧಾನಿಸುವುದು, ನಾಲ್ಕೂ ಚಕ್ರಕ್ಕೆ ಹಂಚಿಹೋಗುತ್ತದಲ್ಲ?" ಎಂದು ಜಾಣರೊಬ್ಬರು ಪ್ರತಿ ವರ್ಷ ಕೇಳುತ್ತಾರೆ. ಹಂಚಿಹೋಗುತ್ತದೆ, ನಿಧಾನವಾಗಿ ಇಳಿಯುವಾಗ ಅದರಿಂದ ತುಸು ಉಪಯೋಗವೂ ಉಂಟು. ಆದರೆ ನೆಲದಲ್ಲಿ ಹಿಡಿತವೇ ಇಲ್ಲದಿದ್ದಾಗ ಹಂಚುವುದಾದರೂ ಏನನ್ನು?

ಇಳಿಜಾರು ಸೇರಿಕೊಂಡರೆ ಲೆಕ್ಕ ಇನ್ನೂ ಕೆಡುತ್ತದೆ. ಸಿಯಾಟಲ್‌ನ ಕ್ವೀನ್ ಆ್ಯನ್ ಗುಡ್ಡದ ಬೀದಿಯ ಇಳಿಜಾರು ಶೇ. 18ರ ಆಸುಪಾಸಿನಲ್ಲಿದೆ. ಅಲ್ಲಿ ಘರ್ಷಣಾಂಕ 0.15ಕ್ಕೆ ಇಳಿದ ಬೆಳಿಗ್ಗೆ ಯಾವ ಬ್ರೇಕೂ ಕಾರನ್ನು ನಿಲ್ಲಿಸಲಾರದು, ಏಕೆಂದರೆ ಕೆಳಕ್ಕೆಳೆಯುವ ಬಲ ಹಿಡಿದಿಡುವ ಬಲಕ್ಕಿಂತ ಹೆಚ್ಚು. 2008ರ ಡಿಸೆಂಬರ್‌ನಲ್ಲಿ ಕ್ಯಾಪಿಟಲ್ ಹಿಲ್‌ನ ಇಳಿಜಾರಿನಲ್ಲಿ ಜಾರಿದ ಬಸ್ಸೊಂದು ತಡೆಗಂಬಿಯನ್ನು ಮುರಿದು, ಮುಂಭಾಗವನ್ನು ಐ-5 ಹೆದ್ದಾರಿಯ ಮೇಲೆ ಚಾಚಿಕೊಂಡು ತೂಗುತ್ತ ನಿಂತ ಚಿತ್ರವನ್ನು ಈ ಊರಿನ ಹಳಬರು ಇನ್ನೂ ಮರೆತಿಲ್ಲ.

ಆಲ್ ವೀಲ್ ಡ್ರೈವ್‌ನಿಂದ ಅಪಾಯ ಹೆಚ್ಚುವುದೂ ಉಂಟು ಎಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ಫ್ರಂಟ್ ವೀಲ್ ಡ್ರೈವ್ ಕಾರು ಹಿಮದಲ್ಲಿ ಮನೆಯಂಗಳದಿಂದ ಹೊರಡುವಾಗಲೇ ಚಕ್ರ ತಿರುಗಿಸಿ, ಕೂಗಾಡಿ, ನೆಲ ಜಾರುತ್ತಿದೆ ಎಂದು ಎಚ್ಚರಿಸುತ್ತದೆ. ನಾಲ್ಕು ಚಕ್ರದ್ದು ಒಂದು ಮಾತೂ ಆಡದೆ ಹೊರಡುತ್ತದೆ, ಸಲೀಸಾಗಿ 30 ಮೈಲಿ ವೇಗಕ್ಕೇರುತ್ತದೆ, ಮತ್ತು ನೆಲದ ನಿಜವಾದ ಸುದ್ದಿ ನಿಮಗೆ ತಿಳಿಯುವುದು ಮೊದಲ ಬಾರಿ ಬ್ರೇಕ್ ತುಳಿದಾಗ. ನನಗೂ ಹೀಗೇ ತಿಳಿದದ್ದು. 2019ರ ಫೆಬ್ರವರಿಯಲ್ಲಿ, ಸಿಯಾಟಲ್‌ನ ಸೀಟ್ಯಾಕ್ ವಿಮಾನ ನಿಲ್ದಾಣದಲ್ಲಿ ಒಂದೇ ತಿಂಗಳಿಗೆ 20 ಅಂಗುಲ ಹಿಮ ಬಿದ್ದ ಆ ದಿನಗಳಲ್ಲಿ, ಹಾಲು ತರಲೆಂದು ಹೊರಟು ಬಡಾವಣೆಯ ಇಳಿಜಾರಿನಲ್ಲಿ ನಡೆದುಹೋಗುವವನಿಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ಇಳಿಯುತ್ತಿದ್ದೆ. ಸ್ಟಾಪ್ ಫಲಕ ಕಂಡು ಬ್ರೇಕ್ ತುಳಿದರೆ, ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಪಾದದ ಕೆಳಗೆ ಗರಗರನೆ ನಡುಗಿತು. ಕಾರು ಮಾತ್ರ ತೇರಿನಂತೆ ಗಂಭೀರವಾಗಿ ಮುಂದಕ್ಕೆ ಸಾಗಿ, ಫಲಕವನ್ನು ದಾಟಿ, ಎದುರಿನ ಪಾದಚಾರಿ ಕಟ್ಟೆಗೆ ಮುಂದಿನ ಚಕ್ರವನ್ನು ಒರಗಿಸಿ ನಿಂತಿತು. ರಿಮ್ ಬಾಗಿತ್ತು. ಅಡ್ಡರಸ್ತೆಯಲ್ಲಿ ಯಾರೂ ಬರುತ್ತಿರಲಿಲ್ಲ ಎಂಬುದು ನನ್ನ ಚಾಲನೆಯ ಗುಣವಲ್ಲ.

ನಾಚಿಕೆಯ ಸಂಗತಿಯೆಂದರೆ ಈ ಪಾಠವನ್ನು ನಾನು ಹುಡುಗನಾಗಿದ್ದಾಗಲೇ ಕಲಿತಿರಬೇಕಾಗಿತ್ತು. ಮಲೆನಾಡಿನ ತೋಟದ ಜೀಪುಗಳಿಗೆ ಫೋರ್ ವೀಲ್ ಡ್ರೈವ್ ಇದ್ದೇ ಇರುತ್ತದೆ. ಆದರೂ ಆಷಾಢದ ಕೆಸರಿನಲ್ಲಿ ಡ್ರೈವರು ಲುಂಗಿ ಎತ್ತಿ ಕಟ್ಟಿ, ಮಳೆಯಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಚಕ್ರಕ್ಕೆ ಚೈನು ಬಿಗಿಯುತ್ತಾನೆ. ಎಂಜಿನ್ ನಾಲ್ಕು ಚಕ್ರ ತಿರುಗಿಸಿದರೂ ನೆಲ ಕಚ್ಚುವುದು ಬೇರೆಯದೇ ಕೆಲಸ ಎಂದು ಅವನಿಗೆ ಯಾರೂ ಸೂತ್ರ ಬರೆದು ತೋರಿಸಬೇಕಾಗಿಲ್ಲ.

ಈ ನಂಬಿಕೆ ಗಟ್ಟಿಯಾಗಲು ವಾಷಿಂಗ್ಟನ್ ರಾಜ್ಯದ ನಿಯಮವೂ ಒಂದು ಕಾರಣವೆಂದು ನನ್ನ ಅನುಮಾನ. ಪಾಸ್‌ನಲ್ಲಿ ಚೈನ್ ಕಡ್ಡಾಯವೆಂಬ ಫಲಕ ಬೆಳಗಿದಾಗ ಆಲ್ ವೀಲ್ ಡ್ರೈವ್ ಕಾರುಗಳಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಜನ ಅಲ್ಲಿಯವರೆಗೆ ಓದಿ ಸಂತೋಷದಿಂದ ಮುಂದೆ ಹೋಗುತ್ತಾರೆ. ಆ ವಿನಾಯಿತಿ ಒಪ್ಪಿತ ಟೈರುಗಳಿರುವ ಕಾರಿಗೆ ಮಾತ್ರ ಸಲ್ಲುತ್ತದೆ, ಮತ್ತು ಚಕ್ರಕ್ಕೆ ಕಟ್ಟದಿದ್ದರೂ ಚೈನು ಕಾರಿನಲ್ಲಿ ಇರಲೇಬೇಕು ಎಂಬ ಉಳಿದರ್ಧ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಟೈರಿನ ವಿಷಯ. ಸಾಮಾನ್ಯ ರಬ್ಬರು ಚಳಿ ಹೆಚ್ಚಿದಂತೆ ಬಿರುಸಾಗುತ್ತದೆ. ವಿಂಟರ್ ಟೈರಿನ ರಬ್ಬರನ್ನು ಶೂನ್ಯದ ಕೆಳಗೂ ಮೆತ್ತಗೆ ಉಳಿಯುವಂತೆ ಮಾಡಿರುತ್ತಾರೆ. ಅದರ ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ಭಾಗದ, ತುಂಬ ಬ್ಲೇಡಿನಿಂದ ಗೀರಿದಂತೆ ಸಣ್ಣ ಸೀಳುಗಳಿರುತ್ತವೆ. ಚಕ್ರ ಉರುಳುವಾಗ ಆ ಸೀಳುಗಳು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ, ಮತ್ತು ಹೀಗೆ ಟೈರಿನೊಳಗೆ ಸೇರಿದ ಹಿಮ ನೆಲದ ಹಿಮಕ್ಕೆ ಅಂಟಿಕೊಂಡು ಹಿಡಿತ ಕೊಡುತ್ತದೆ. ಮನೆಗೆ ಬಂದಾಗ ಟೈರು ಬೆಳ್ಳಗಾಗಿದ್ದರೆ ಗಾಬರಿಯಾಗಬೇಡಿ, ಅದು ತನ್ನ ಕೆಲಸ ಮಾಡಿದೆ ಎಂದರ್ಥ. ಪಕ್ಕೆಯ ಮೇಲಿನ ಎಂ ಪ್ಲಸ್ ಎಸ್ (ಮಡ್ ಪ್ಲಸ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂಬ ಅಕ್ಷರಗಳು ಟ್ರೆಡ್ಡಿನ ವಿನ್ಯಾಸವನ್ನು ಹೇಳುತ್ತವೆಯೇ ವಿನಾ ಯಾವ ಹಿಮಪರೀಕ್ಷೆಯನ್ನೂ ಅಲ್ಲ. ಪರೀಕ್ಷೆ ಪಾಸಾದದ್ದಕ್ಕೆ 1999ರಲ್ಲಿ ಬಂದ ಶಿಖರ-ಹಿಮಹರಳಿನ ಗುರುತಿದೆ. ಆದರೆ ಅಮೆರಿಕದಲ್ಲಿ ಆ ಪರೀಕ್ಷೆಯೂ ಗಟ್ಟಿ ಹಿಮದ ಮೇಲೆ ವೇಗ ಹೆಚ್ಚಿಸುವಾಗಿನ ಹಿಡಿತವನ್ನಷ್ಟೇ ಅಳೆಯುತ್ತದೆ, ಬ್ರೇಕನ್ನಾಗಲಿ ಮಂಜುಗಡ್ಡೆಯನ್ನಾಗಲಿ ಅಳೆಯುವುದಿಲ್ಲ. ಹೊರಡುವುದನ್ನೇ ದೊಡ್ಡದು ಮಾಡುವ ಕಾಯಿಲೆ ನಮ್ಮ ನಿಮ್ಮದಷ್ಟೇ ಅಲ್ಲ.

ಹಾಗಾದರೆ ಎಲ್ಲರಿಗೂ ವಿಂಟರ್ ಟೈರನ್ನೇ ಏಕೆ ಹೇಳುತ್ತಿಲ್ಲ? ಸೀಟ್ಯಾಕ್‌ನಲ್ಲಿ ಸರಾಸರಿ ವರ್ಷಕ್ಕೆ ಬೀಳುವ ಹಿಮ ಸುಮಾರು 6 ಅಂಗುಲ. ಬೆಲ್‌ವ್ಯೂನಿಂದ ಗಂಟೆಯೊಳಗೆ ತಲುಪಬಹುದಾದ, 3,022 ಅಡಿ ಎತ್ತರದ ಸ್ನೋಕ್ವಾಲ್ಮಿ ಪಾಸ್‌ನಲ್ಲಿ ಅದು 400 ಅಂಗುಲದ ಆಸುಪಾಸು. ಕೆಳಗಿನ ಊರಿನ ಚಳಿಗಾಲವೆಂದರೆ ಬಹುಪಾಲು 5ರಿಂದ 10 ಡಿಗ್ರಿ ಸೆಲ್ಸಿಯಸ್‌ನ ಜಿಟಿಜಿಟಿ ಮಳೆ, ಮತ್ತು ಒದ್ದೆ ಡಾಂಬರಿನ ಮೇಲೆ ಮೆತ್ತನೆಯ ವಿಂಟರ್ ಟೈರು ಒಳ್ಳೆಯ ಆಲ್-ಸೀಸನ್ ಟೈರಿಗಿಂತ (ಹಿಮಹರಳಿನ ಗುರುತಿಲ್ಲದ ಸಾಮಾನ್ಯ ಟೈರಿಗಿಂತ) ತಡವಾಗಿ ನಿಲ್ಲುವುದೇ ಹೆಚ್ಚು. ಮೂರು ದಿನದ ಹಿಮಕ್ಕಾಗಿ ನೂರು ದಿನದ ಮಳೆಯಲ್ಲಿ ಬ್ರೇಕಿನ ದೂರವನ್ನು ಹೆಚ್ಚಿಸಿಕೊಳ್ಳುವುದು ಒಳ್ಳೆಯ ವ್ಯಾಪಾರವಲ್ಲ. ಮೇಲಾಗಿ ಅಷ್ಟು ಕಡಿಮೆ ಓಡುವ ಟೈರು ಸವೆಯುವ ಮೊದಲೇ ಮುದಿಯಾಗಿ ಬಿರುಸಾಗುತ್ತದೆ. ಪಾಸ್‌ಗೆ ಮತ್ತೆ ಮತ್ತೆ ಹೋಗುವವರ ಲೆಕ್ಕ ಬೇರೆ: ಅವರ ಎರಡು ಸೆಟ್ ಟೈರುಗಳೂ ಸರದಿಯಂತೆ ಸವೆಯುವುದರಿಂದ ನಿಜವಾದ ಹೆಚ್ಚುವರಿ ಖರ್ಚು ಇನ್ನೊಂದು ಸೆಟ್ ರಿಮ್ಮು ಮತ್ತು ವರ್ಷಕ್ಕೆರಡು ಬಾರಿ ಬದಲಿಸುವ ಕೂಲಿ ಮಾತ್ರ. ಅವರೂ ಹಣ ಉಳಿಸಲೆಂದು ಮುಂದಿನ ಎರಡಕ್ಕೆ ಮಾತ್ರ ಹಾಕಿಸಬಾರದು. ಮುಂಭಾಗ ನೆಲ ಕಚ್ಚಿ ಹಿಂಭಾಗ ಜಾರಿದರೆ ಕಾರು ಬುಗುರಿಯಾಗುತ್ತದೆ.

ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಮೊದಲ ಚಳಿಯ ಬೆಳಿಗ್ಗೆ ಡ್ಯಾಷ್‌ಬೋರ್ಡಿನಲ್ಲಿ ಟೈರಿನ ಗಾಳಿ ಕಡಿಮೆಯಿದೆ ಎನ್ನುವ ಹಳದಿ ದೀಪ ಹತ್ತಿದಾಗ, ಬೆಂಗಳೂರಿನ ಪೆಟ್ರೋಲ್ ಬಂಕಿನ ಅಭ್ಯಾಸದಿಂದ ನೈಟ್ರೋಜನ್ ತುಂಬಿಸಿದರೆ ಸರಿಹೋಗುತ್ತದೆಂದು ನಂಬಿದವರು ಬಹಳ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ, ಮತ್ತು ಶುದ್ಧ ನೈಟ್ರೋಜನ್ ಕೂಡ ಚಳಿಗೆ ಗಾಳಿಯಷ್ಟೇ ಕುಗ್ಗುತ್ತದೆ. 20 ಡಿಗ್ರಿಯಲ್ಲಿ ಗಾಳಿಯ ಒತ್ತಡ 35 ಪಿಎಸ್‌ಐ ಇದ್ದ ಟೈರು ಸೊನ್ನೆ ಡಿಗ್ರಿಯ ಬೆಳಿಗ್ಗೆ 31-32ಕ್ಕೆ ಇಳಿದಿರುತ್ತದೆ, ಒಳಗಿರುವುದು ಯಾವ ಅನಿಲವಾದರೂ. ಬೇಸಿಗೆಯಿಂದ ನೋಡದೆ ಬಿಟ್ಟು ಅದು ಮೊದಲೇ 30ಕ್ಕೆ ಇಳಿದಿದ್ದರೆ ದೀಪ ಹತ್ತದೆ ಇನ್ನೇನಾದೀತು? ಕಾರು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆದು ತುಂಬಿಸಿ. ಎಷ್ಟು ತುಂಬಬೇಕೆಂಬುದು ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯ ಮೇಲಿದೆ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಬೇಡಿ.