ಪದ ಪರಿಚಯ: ನಿಷ್ಪಕ್ಷಪಾತ ಮಧ್ಯಸ್ಥ – ಮಾಜಿ ನಾಯಕರಿಗೆ ಆ ಕುರ್ಚಿ ಒಗ್ಗುತ್ತದೆಯೇ?

ಯುದ್ಧ, ಕದನವಿರಾಮಗಳ ಸುದ್ದಿಯಲ್ಲಿ ‘ಸಂಧಾನಕಾರ’ ಎಂಬ ಪದವನ್ನು ಎರಡು ಬೇರೆ ಕೆಲಸಗಳಿಗೆ ಬಳಸುತ್ತೇವೆ. ಒಂದು, ಒಂದು ಕಡೆಯವರ ಪರವಾಗಿ ಮಾತಾಡಲು ಹೋಗುವುದು. 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ ಕಾಡಿಗೆ ಹೋಗಿಬಂದ ನಕ್ಕೀರನ್ ಗೋಪಾಲ್ ಅವರು ಹೋದದ್ದು ಕರ್ನಾಟಕ, ತಮಿಳುನಾಡು ಸರ್ಕಾರಗಳ ದೂತರಾಗಿ. ಕೌರವರ ಸಭೆಗೆ ಹೋದ ಕೃಷ್ಣನೂ ಪಾಂಡವರ ಕಡೆಯವನೇ. ಇಂಥವರು ಪಕ್ಷಪಾತ ಮಾಡಬಾರದೆಂದು ಯಾರೂ ಕೇಳುವುದಿಲ್ಲ.

ಎರಡನೆಯದು, ಇಬ್ಬರ ನಡುವೆ ಕೂತು ಮಾತುಕತೆ ನಡೆಸಿಕೊಡುವುದು. ಈ ಕೆಲಸ ಮಾಡುವವರು ಮಧ್ಯಸ್ಥರು. ಇವರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಯಾವ ವಿಷಯ ಮೊದಲು, ಯಾರು ಯಾವಾಗ ಮಾತಾಡಬೇಕು, ಕರಡು ಯಾರ ಕೈಗೆ ಯಾವಾಗ ಸೇರುತ್ತದೆ ಎಂಬುದನ್ನಷ್ಟೇ ನಿರ್ಧರಿಸುತ್ತಾರೆ. ‘ಅಷ್ಟೇ’ ಅನ್ನಿಸಿದರೂ ಇದರಲ್ಲಿ ಒಂದು ಕಡೆಗೆ ಸ್ವಲ್ಪ ವಾಲಿದರೂ ಸಾಕು, ಮಾತುಕತೆ ಮುರಿದುಬೀಳುತ್ತದೆ. ನಿಷ್ಪಕ್ಷಪಾತದ ಪ್ರಶ್ನೆ ಹುಟ್ಟುವುದು ಇಲ್ಲಿ.

ಈ ಕುರ್ಚಿಗೆ ಮಾಜಿ ಅಧ್ಯಕ್ಷರನ್ನೋ ಮಾಜಿ ಪ್ರಧಾನಿಗಳನ್ನೋ ಕರೆಯುವ ರೂಢಿ ಹಳೆಯದು. ಅವರು ಫೋನ್ ಮಾಡಿದರೆ ದೇಶಗಳ ಮುಖ್ಯಸ್ಥರು ಎತ್ತುತ್ತಾರೆ. ಒಬ್ಬ ನಾಯಕ ಎಷ್ಟು ಬಿಟ್ಟುಕೊಟ್ಟರೆ ತನ್ನ ಜನರೆದುರು ಉಳಿದುಕೊಳ್ಳುತ್ತಾನೆ, ಎಷ್ಟಕ್ಕೆ ಮುಳುಗುತ್ತಾನೆ ಎಂಬುದು ಅವರಿಗೆ ಅನುಭವದಿಂದ ಗೊತ್ತು. ಆದರೆ ಅಧಿಕಾರದಲ್ಲಿದ್ದವರು ಯಾವುದೋ ಯುದ್ಧಕ್ಕೆ ಸಹಿ ಹಾಕಿರುತ್ತಾರೆ, ಯಾರ ಪರವೋ ನಿಂತಿರುತ್ತಾರೆ. ಕುರ್ಚಿ ಬಿಟ್ಟ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ತಟಸ್ಥರಾಗಿರುವುದು ಬೇರೆ, ನಿಷ್ಪಕ್ಷಪಾತಿಯಾಗಿರುವುದು ಬೇರೆ. ವಿಶ್ವಸಂಸ್ಥೆ 2012ರಲ್ಲಿ ಹೊರಡಿಸಿದ ಮಧ್ಯಸ್ಥಿಕೆಯ ಮಾರ್ಗಸೂಚಿ ಇದನ್ನು ನೇರವಾಗಿಯೇ ಹೇಳುತ್ತದೆ: ಮಧ್ಯಸ್ಥರು ಎಲ್ಲರನ್ನೂ ಒಂದೇ ತೆರನಾಗಿ ನಡೆಸಿಕೊಳ್ಳಬೇಕು, ಹಾಗೆಂದು ಎಲ್ಲ ವಿಷಯದಲ್ಲೂ ಅಭಿಪ್ರಾಯವಿಲ್ಲದೆ ಇರಬೇಕಾಗಿಲ್ಲ. ನರಮೇಧಕ್ಕೆ ಕ್ಷಮಾದಾನ ಕೊಡುವ ಒಪ್ಪಂದವನ್ನು ವಿಶ್ವಸಂಸ್ಥೆಯ ಮಧ್ಯಸ್ಥರು ಅನುಮೋದಿಸುವಂತಿಲ್ಲ. ಆದ್ದರಿಂದ ಮಾಜಿ ನಾಯಕರಿಗೆ ಅಭಿಪ್ರಾಯವಿದೆ ಎಂಬುದು ನನ್ನ ಮಟ್ಟಿಗೆ ಆಕ್ಷೇಪವೇ ಅಲ್ಲ. ಕೇಳಬೇಕಾದ್ದು, ಈ ಜಗಳದಲ್ಲೇ ಅವರ ಕೈ ಇತ್ತೇ ಎಂದು.

ಫಿನ್ಲೆಂಡಿನ ಮಾರ್ಟಿ ಅಹ್ತಿಸಾರಿ ಇದಕ್ಕೆ ಒಳ್ಳೆಯ ಉದಾಹರಣೆ. 1994ರಿಂದ 2000ದವರೆಗೆ ಆ ದೇಶದ ಅಧ್ಯಕ್ಷರಾಗಿದ್ದ ಅವರು, ಇಳಿದ ಮೇಲೆ ಶಾಂತಿ ಮಾತುಕತೆಗೆಂದೇ ಒಂದು ಸಂಸ್ಥೆ ಕಟ್ಟಿದರು. ಇಂಡೋನೇಷ್ಯಾದ ‘ಆಚೆ’ (Aceh) ಎಂಬ ಪ್ರಾಂತ್ಯದಲ್ಲಿ ಸುಮಾರು 30 ವರ್ಷಗಳಿಂದ ಪ್ರತ್ಯೇಕತೆಯ ಹೋರಾಟ ನಡೆದಿತ್ತು. 2002ರ ಡಿಸೆಂಬರ್‌ನಲ್ಲಿ ಆಗಿದ್ದ ಕದನವಿರಾಮ ಮರುವರ್ಷ ಮೇ ತಿಂಗಳಿಗೇ ಮುರಿದಿತ್ತು. 2004ರ ಡಿಸೆಂಬರ್ 26ರ ಸುನಾಮಿ ಆ ಪ್ರಾಂತ್ಯವನ್ನು ನೆಲಸಮ ಮಾಡಿದ ಮರುತಿಂಗಳೇ ಹೆಲ್ಸಿಂಕಿಯ ಬಳಿ ಅಹ್ತಿಸಾರಿ ಎರಡೂ ಕಡೆಯವರನ್ನು ಕೂರಿಸಿದರು.

ಬಂಡುಕೋರರಿಗೆ ಅವರು ಮೊದಲೇ ಹೇಳಿಬಿಟ್ಟರು: ಸ್ವತಂತ್ರ ದೇಶದ ಮಾತು ಈ ಮೇಜಿನ ಮೇಲೆ ಇಲ್ಲ. ಇದನ್ನು ಕೇಳಿದರೆ ಸರ್ಕಾರದ ಪರ ಅನ್ನಿಸುತ್ತದೆ. ಆದರೆ ‘ಎಲ್ಲವೂ ಒಪ್ಪಿಗೆಯಾಗುವ ತನಕ ಯಾವುದೂ ಒಪ್ಪಿಗೆಯಾದಂತಲ್ಲ’ ಎಂಬ ನಿಯಮ ಇಬ್ಬರಿಗೂ ಒಂದೇ ಆಗಿತ್ತು. ಬಂಡುಕೋರರು ಸ್ವಾತಂತ್ರ್ಯ ಬಿಟ್ಟು ಸ್ವಯಮಾಡಳಿತಕ್ಕೆ ಬಂದರು. ಸರ್ಕಾರ ಸೇನೆಯನ್ನು ಕಡಿತಗೊಳಿಸಲು ಒಪ್ಪಿತು, ತಾನು ಬಲವಾಗಿ ವಿರೋಧಿಸುತ್ತಿದ್ದ ಸ್ಥಳೀಯ ಪಕ್ಷಗಳಿಗೂ ದಾರಿ ಬಿಟ್ಟಿತು. ಐದು ಸುತ್ತಿನ ಮಾತುಕತೆ ನಡೆದು, 2005ರ ಆಗಸ್ಟ್ 15ರಂದು ಸಹಿಯಾಯಿತು. 840 ಬಂದೂಕುಗಳನ್ನು ವಿದೇಶಿ ವೀಕ್ಷಕರ ಎದುರು ಒಪ್ಪಿಸಲಾಯಿತು. ಮರುವರ್ಷ ನಡೆದ ಚುನಾವಣೆಯಲ್ಲಿ ಮಾಜಿ ಬಂಡುಕೋರರೊಬ್ಬರೇ ಆ ಪ್ರಾಂತ್ಯದ ಗವರ್ನರ್ ಆದರು. ಆಚೆಯಲ್ಲಿ ಫಿನ್ಲೆಂಡಿಗೆ ಕಳೆದುಕೊಳ್ಳುವುದೂ ಇರಲಿಲ್ಲ, ಗಳಿಸುವುದೂ ಇರಲಿಲ್ಲ. ಅಹ್ತಿಸಾರಿ ಖಡಾಖಂಡಿತವಾಗಿ ಮಾತಾಡಿದರೂ ನಡೆದದ್ದು ಇದರಿಂದಲೇ ಎಂದು ನನಗನ್ನಿಸುತ್ತದೆ.

2005ರ ಕೊನೆಗೆ ಅವರೇ, ಸರ್ಬಿಯಾದಿಂದ ಬೇರೆಯಾಗಲು ಬಯಸಿದ್ದ ಕೊಸೊವೊ ವಿಷಯದಲ್ಲಿ ವಿಶ್ವಸಂಸ್ಥೆಯ ವಿಶೇಷ ದೂತರಾದರು. ಮನುಷ್ಯ ಅದೇ, ಅನುಭವ ಅದೇ. ಆದರೆ 1999ರ ಜೂನ್‌ನಲ್ಲಿ, ಪಾಶ್ಚಾತ್ಯ ಸೇನಾಕೂಟ ನೇಟೊದ ಬಾಂಬ್ ದಾಳಿ ನಡೆದಿದ್ದಾಗ, ಬೆಲ್‌ಗ್ರೇಡ್‌ಗೆ ಹೋಗಿ ಸರ್ಬಿಯಾದ ನಾಯಕ ಮಿಲೊಸೆವಿಚ್ ಮುಂದೆ ಷರತ್ತುಗಳನ್ನಿಟ್ಟ ಇಬ್ಬರಲ್ಲಿ ಅಧ್ಯಕ್ಷ ಅಹ್ತಿಸಾರಿಯೂ ಒಬ್ಬರು. ಸರ್ಬಿಯಾದವರು ಅದನ್ನು ಮರೆತಿರಲಿಲ್ಲ. 2007ರಲ್ಲಿ ಅವರು ಕೊಸೊವೊಗೆ ‘ಅಂತಾರಾಷ್ಟ್ರೀಯ ಮೇಲ್ವಿಚಾರಣೆಯ ಸ್ವಾತಂತ್ರ್ಯ’ ಶಿಫಾರಸು ಮಾಡಿದಾಗ ಸರ್ಬಿಯಾ ಅದನ್ನು ತಳ್ಳಿಹಾಕಿತು. 2008ರ ಫೆಬ್ರವರಿಯಲ್ಲಿ ಕೊಸೊವೊ ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಆ ವರ್ಷ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಶಿಫಾರಸು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಸರ್ಬಿಯಾದ ಕಣ್ಣಿಗೆ ಅವರು ನಡುವೆ ಕೂತವರಾಗಿ ಕಾಣಲಿಲ್ಲ, ಅಷ್ಟು ನಿಜ.

ಸಂಶಯವನ್ನು ಹೊತ್ತುಕೊಂಡೇ ಬಂದು ನಂಬಿಕೆ ಗಳಿಸಿದವರೂ ಇದ್ದಾರೆ. ಅಮೆರಿಕದ ಸೆನೆಟ್‌ನಲ್ಲಿ ಬಹುಮತ ಪಕ್ಷದ ನಾಯಕರಾಗಿದ್ದ ಜಾರ್ಜ್ ಮಿಚೆಲ್ ಉತ್ತರ ಐರ್ಲೆಂಡಿನ ಮಾತುಕತೆಗೆ ಅಧ್ಯಕ್ಷರಾಗಿ ಬಂದದ್ದು 1996ರ ಜೂನ್ 10ರಂದು. ಅವರು ಕ್ಯಾಥೊಲಿಕ್, ತಂದೆಯ ಮೂಲ ಐರಿಷ್. ಬ್ರಿಟನ್ ಜೊತೆಗೇ ಇರಬೇಕೆನ್ನುವ ಪ್ರಾಟೆಸ್ಟಂಟ್ ಪಕ್ಷಗಳಲ್ಲಿ ಕೆಲವು ಅವರನ್ನು ಕುರ್ಚಿಯಲ್ಲಿ ಕೂರಲೇ ಬಿಡಲಿಲ್ಲ. ಕೊನೆಗೆ 12ರ ನಸುಕಿಗೆ ಮುಂಚೆ, ಮಧ್ಯರಾತ್ರಿ ದಾಟಿದ ಮೇಲೆ ಅವರು ಕೂತಾಗ ಆ ಪಕ್ಷಗಳಲ್ಲೊಂದರ ನಾಯಕ ಇಯಾನ್ ಪೈಸ್ಲಿ ಎದ್ದು ನಿಂತು ಪ್ರತಿಭಟಿಸಿದರು. ಮಿಚೆಲ್ ಜಗಳವಾಡಲಿಲ್ಲ. ಬ್ರಿಟನ್, ಐರ್ಲೆಂಡ್ ಸರ್ಕಾರಗಳು ಮೊದಲೇ ಬರೆದಿಟ್ಟಿದ್ದ ಕಲಾಪ ನಿಯಮಗಳನ್ನು ಹೇರದೆ, ನಿಯಮಗಳನ್ನೂ ಪಕ್ಷಗಳೇ ಚರ್ಚಿಸಲಿ ಎಂದು ಬಿಟ್ಟರು. ಅದಕ್ಕೇ ವಾರಗಟ್ಟಲೆ ಹಿಡಿಯಿತು. ಹೆಚ್ಚುಕಡಿಮೆ ಎರಡು ವರ್ಷ ಕೇಳಿಸಿಕೊಂಡರು. 1998ರ ಏಪ್ರಿಲ್ 10ರಂದು, ಶುಭ ಶುಕ್ರವಾರ, ಒಪ್ಪಂದವಾಯಿತು. ಅದೇ ಮಿಚೆಲ್ 2009ರಲ್ಲಿ ಇಸ್ರೇಲ್–ಪ್ಯಾಲೆಸ್ಟೀನ್ ವಿಷಯಕ್ಕೆ ಅಮೆರಿಕ ಅಧ್ಯಕ್ಷರ ದೂತರಾಗಿ ಹೋಗಿ, 2011ರ ಮೇನಲ್ಲಿ ಬರಿಗೈಯಲ್ಲಿ ರಾಜೀನಾಮೆ ಕೊಟ್ಟರು. ಅಲ್ಲಿ ಅವರ ಬೆನ್ನ ಹಿಂದಿದ್ದದ್ದು ಇಸ್ರೇಲಿನ ಆಪ್ತ ಮಿತ್ರ ದೇಶ.

ಟೋನಿ ಬ್ಲೇರ್ ಬ್ರಿಟನ್ನಿನ ಪ್ರಧಾನಿ ಪಟ್ಟದಿಂದ ಇಳಿದ ದಿನವೇ, 2007ರ ಜೂನ್ 27ರಂದು, ಮಧ್ಯಪ್ರಾಚ್ಯದ ‘ಚತುಷ್ಕೂಟ’ದ ದೂತರಾದರು. ವಿಶ್ವಸಂಸ್ಥೆ, ಅಮೆರಿಕ, ಐರೋಪ್ಯ ಒಕ್ಕೂಟ, ರಷ್ಯಾ ಸೇರಿದ ಕೂಟ ಅದು. ಅವರ ಪಾಲಿನ ಕೆಲಸ ಪ್ಯಾಲೆಸ್ಟೀನಿನ ಆರ್ಥಿಕತೆ ಮತ್ತು ಸಂಸ್ಥೆಗಳನ್ನು ಕಟ್ಟುವುದು, ಗಡಿ ಗುರುತಿಸುವುದಲ್ಲ. ಆದರೂ ಅವರು ಅಮೆರಿಕದ ಜೊತೆ ನಿಂತು ನಡೆಸಿದ 2003ರ ಇರಾಕ್ ದಾಳಿಯ ನೆನಪು ಅರಬ್ಬರಲ್ಲಿ ಹಸಿಯಾಗಿತ್ತು. ಜೊತೆಗೆ 2008ರಲ್ಲಿ ಅವರು ಜೆ.ಪಿ. ಮೋರ್ಗನ್ ಬ್ಯಾಂಕಿನ ಸಲಹೆಗಾರರೂ ಆದರು. 2015ರಲ್ಲಿ ಹುದ್ದೆ ಬಿಟ್ಟರು. ಹತ್ತು ವರ್ಷದ ಮೇಲೆ ಟ್ರಂಪ್ ಪ್ರಕಟಿಸಿದ 20 ಅಂಶಗಳ ಗಾಜಾ ಯೋಜನೆಯಲ್ಲಿ ಮತ್ತೆ ಅವರ ಹೆಸರು ಬಂತು. ಅದೇ ನೆಲದ ಮಧ್ಯಸ್ಥಿಕೆಗೆ ಅವರು ತಕ್ಕವರಲ್ಲ ಎಂದೇ ನನ್ನ ಅನಿಸಿಕೆ. ಸಾಮರ್ಥ್ಯದ ಕೊರತೆಯಿಂದಲ್ಲ, ಪ್ರಧಾನಿಯಾಗಿದ್ದಾಗ ಉತ್ತರ ಐರ್ಲೆಂಡಿನಲ್ಲಿ ಅವರು ಸಾಮರ್ಥ್ಯ ತೋರಿಸಿದ್ದಾರೆ.

ಇದಕ್ಕೆ ಎದುರುವಾದವೂ ಇದೆ, ತೂಕದ್ದೇ. 1978ರಲ್ಲಿ ಇಸ್ರೇಲ್ ಜೊತೆಗಿನ ಮಾತುಕತೆಗೆ ಅಮೆರಿಕದ ಕ್ಯಾಂಪ್ ಡೇವಿಡ್‌ಗೆ ಹೋದ ಈಜಿಪ್ಟಿನ ಸಾದತ್‌ಗೆ ಅಮೆರಿಕ ಇಸ್ರೇಲಿನ ಕಡೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಇಸ್ರೇಲಿನ ಹಿಡಿತದಲ್ಲಿದ್ದ ಸಿನಾಯ್ ಪ್ರದೇಶವನ್ನು ಬಿಡಿಸಬಲ್ಲವರು ಅಮೆರಿಕದವರೇ ಎಂಬ ಲೆಕ್ಕದಲ್ಲಿ ಒಪ್ಪಿದರು. ಆದರೆ ಅಲ್ಲಿ ಮಧ್ಯಸ್ಥರಾಗಿದ್ದ ಕಾರ್ಟರ್ ಆಗ ಅಮೆರಿಕದ ಹಾಲಿ ಅಧ್ಯಕ್ಷರು. ಕೊಡಲು ಹಣ, ಹಾಕಲು ಒತ್ತಡ ಎರಡೂ ಅವರ ಕೈಯಲ್ಲಿತ್ತು. ಮಾಜಿಗಳಿಗೆ ಆ ಬಲವಿಲ್ಲ.

ಈಚಿನ ವರ್ಷಗಳಲ್ಲಿ ಆಫ್ರಿಕನ್ ಒಕ್ಕೂಟ ಒಬ್ಬರನ್ನೇ ನೆಚ್ಚದೆ ಹಲವರನ್ನು ಕೂರಿಸುವ ದಾರಿ ಹಿಡಿದಿದೆ. ಇಥಿಯೋಪಿಯಾದ ಟಿಗ್ರೇ ಪ್ರಾಂತ್ಯದ ಯುದ್ಧದಲ್ಲಿ ಒಕ್ಕೂಟದ ದೂತರಾಗಿದ್ದ ನೈಜೀರಿಯಾದ ಮಾಜಿ ಅಧ್ಯಕ್ಷ ಒಬಸಾಂಜೊ ಸರ್ಕಾರದ ಕಡೆ ವಾಲಿದ್ದಾರೆಂದು ಟಿಗ್ರೇ ನಾಯಕರು ದೂರಿದ್ದರು, ಕೆನ್ಯಾ ನಡೆಸಿಕೊಡಲಿ ಎಂದು ಕೇಳಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಕೆನ್ಯಾದ ಅಧ್ಯಕ್ಷ ಪದವಿಯಿಂದ ಇಳಿದ ಉಹುರು ಕೆನ್ಯಾಟ್ಟಾ ಅವರನ್ನೂ, ದಕ್ಷಿಣ ಆಫ್ರಿಕಾದ ಮಾಜಿ ಉಪಾಧ್ಯಕ್ಷೆ ಫುಮ್ಜಿಲೆ ಮ್ಲಾಂಬೊ-ನ್ಗುಕಾ ಅವರನ್ನೂ ಒಬಸಾಂಜೊ ಜೊತೆ ಕೂರಿಸಲಾಯಿತು. ಎರಡು ವರ್ಷದ ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ನವೆಂಬರ್ 2ರಂದು ಸಹಿ ಬಿತ್ತು. ಅದನ್ನು ಜಾರಿಗೆ ತರುವ ಬಗೆಯನ್ನು ನಿರ್ಧರಿಸಲು ಎರಡೂ ಸೇನೆಗಳ ಕಮಾಂಡರುಗಳು ಮುಂದಿನ ವಾರ ಸೇರಿದ್ದು ಕೆನ್ಯಾದ ನೈರೋಬಿಯಲ್ಲಿ.