ಒಂದು ಮಿಲಿಮೀಟರ್ ಅಂದರೆ ನಾಲ್ಕು ಮಿಲಿಸೆಕೆಂಡ್

ಮೊದಲು ಒಂದು ಸಣ್ಣ ಲೆಕ್ಕ. ಒಂದು ಹಾಡಿನ ವೇಗ ನಿಮಿಷಕ್ಕೆ 125 ಬಡಿತ. ಇನ್ನೊಂದರದ್ದು 125.1. ಇಷ್ಟೇ ತಾನೇ ವ್ಯತ್ಯಾಸ ಅನಿಸುತ್ತದೆ, ಅಲ್ವಾ? ಎರಡನ್ನೂ ಒಟ್ಟಿಗೆ ಶುರು ಮಾಡಿ ನೋಡಿ. ಮೊದಲ ಬಡಿತಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಇಪ್ಪತ್ತು ಸೆಕೆಂಡ್ ಹೊತ್ತಿಗೆ ಒಂದು ಹಾಡು 16 ಮಿಲಿಸೆಕೆಂಡ್ ಜಾರಿರುತ್ತದೆ. ಒಂದು ನಿಮಿಷಕ್ಕೆ 48. ಅಷ್ಟರಲ್ಲಿ ಡ್ರಮ್ಮಿನ 'ಧಡ್' ಹೋಗಿ 'ಧ-ಧಡ್' ಆಗಿರುತ್ತದೆ. ಕುಣಿಯುತ್ತಿರುವವರಿಗೆ ಏನಾಯಿತು ಅಂತ ಗೊತ್ತಾಗುವುದಿಲ್ಲ, ಆದರೆ ಕಾಲು ತಡವರಿಸುತ್ತದೆ.

ಡಿಜೆ ಕೆಲಸದ ತಿರುಳು ಇದೇ. ಎರಡು ಹಾಡನ್ನು ಸೆಕೆಂಡಿನ ಸಾವಿರದ ಕೆಲವೇ ಭಾಗಗಳ ಒಳಗೆ ಹಿಡಿದಿಡುವುದು. ಹೊಸಬರು ಯಾರಾದರೂ "ಯಾವ ಸೆಟ್ ತಗೊಳ್ಳಲಿ?" ಅಂತ ಕೇಳಿದರೆ ನಾನು ಬ್ರ್ಯಾಂಡ್ ಹೇಳುವುದಿಲ್ಲ, ಎರಡು ಪ್ರಶ್ನೆ ಕೇಳುತ್ತೇನೆ. ಈ ಸಾಮಾನು ಹಾಡನ್ನು ನಾಲ್ಕೈದು ಮಿಲಿಸೆಕೆಂಡ್ ಮಾತ್ರ ಆಚೀಚೆ ಸರಿಸಲು ನಿಮ್ಮ ಬೆರಳಿಗೆ ಅವಕಾಶ ಕೊಡುತ್ತದಾ? ಜನಕ್ಕೆ ಕೇಳಿಸುವ ಮೊದಲು ಮುಂದಿನ ಹಾಡು ನಿಮಗೆ ಕೇಳಿಸುತ್ತದಾ? ಈ ಎರಡಕ್ಕೂ ಹೌದು ಅಂತಾದರೆ ಉಳಿದದ್ದು ನಿಧಾನಕ್ಕೆ ನೋಡಿಕೊಳ್ಳಬಹುದು.

ಲ್ಯಾಪ್‌ಟಾಪಿನ ಡಿಜೆ ಸಾಫ್ಟ್‌ವೇರನ್ನು ಕೈಯಿಂದ ನಡೆಸುವ ಸಾಮಾನಿಗೆ ಕಂಟ್ರೋಲರ್ ಅಂತಾರೆ. ನಾನು ಮೊದಲು ಕೊಂಡ ಕಂಟ್ರೋಲರ್‌ನಲ್ಲಿ ಬಣ್ಣಬಣ್ಣದ ಪ್ಯಾಡ್‌ಗಳು ಹದಿನಾರು ಇದ್ದವು. ಹೆಡ್‌ಫೋನ್ ಸಿಕ್ಕಿಸುವ ತೂತು ಮಾತ್ರ ಇರಲಿಲ್ಲ. ಅದು ದೊಡ್ಡ ಕೊರತೆ ಅಂತ ಆಗ ನನಗೆ ಹೊಳೆಯಲೂ ಇಲ್ಲ. ಮೂರು ತಿಂಗಳು ಪರದೆಯ ಮೇಲಿನ ಅಲೆಗಳನ್ನು ಕಣ್ಣಲ್ಲಿ ನೋಡಿ ಹೊಂದಿಸುತ್ತಿದ್ದೆ. ಕಿವಿ ಏನೂ ಕಲಿಯಲಿಲ್ಲ. ಕೊನೆಗೆ ಅದನ್ನು ಮಾರಿ, ಪ್ಯಾಡ್ ಕಡಿಮೆ ಇದ್ದರೂ ಹೆಡ್‌ಫೋನ್‌ಗೆ ಬೇರೆ ಔಟ್‌ಪುಟ್ ಇದ್ದ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಒಂದೇ ವಾರದಲ್ಲಿ ಮೂರು ತಿಂಗಳಿನದಕ್ಕಿಂತ ಜಾಸ್ತಿ ಕಲಿತೆ.

ಈ 'ಮೊದಲೇ ಕೇಳುವ' ಸೌಲಭ್ಯಕ್ಕೆ ಕ್ಯೂ ಅಂತಾರೆ. ಇದರ ಹಿಂದೆ ಒಳ್ಳೆ ಕಥೆ ಇದೆ. 1970ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಸ್ಯಾಂಕ್ಚುರಿ ಎಂಬ ಕ್ಲಬ್ಬಿನಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬ ಡಿಜೆ ಟರ್ನ್‌ಟೇಬಲ್ಲಿನ (ರೆಕಾರ್ಡ್ ತಿರುಗಿಸುವ ಯಂತ್ರದ) ತಟ್ಟೆಯ ಮೇಲೆ ಫೆಲ್ಟ್ ಬಟ್ಟೆ ಹಾಸಿ, ಅದರ ಮೇಲೆ ರೆಕಾರ್ಡ್ ಇಟ್ಟು, ಕೆಳಗೆ ತಟ್ಟೆ ತಿರುಗುತ್ತಿದ್ದರೂ ಬೆರಳಿನಿಂದ ರೆಕಾರ್ಡನ್ನು ತಡೆದು ಹಿಡಿದು, ಸರಿಯಾದ ಬಡಿತಕ್ಕೆ ಬಿಡುತ್ತಿದ್ದ. ಕೆಲ ವರ್ಷ ಬಿಟ್ಟು ಅದೇ ಊರಿನ ಬ್ರಾಂಕ್ಸ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಬಂದ. ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಹುಡುಗ. ಎರಡು ಟರ್ನ್‌ಟೇಬಲ್‌ಗಳಲ್ಲಿ ಯಾವುದು ಬೇಕೋ ಅದನ್ನು ಹೆಡ್‌ಫೋನ್‌ಗೆ ತಿರುಗಿಸುವ ಒಂದು ಸಾಧಾರಣ ಸ್ವಿಚ್ಚನ್ನು ತಾನೇ ಜೋಡಿಸಿಕೊಂಡ. ಇವತ್ತು ಎಲ್ಲ ಡಿಜೆ ಮಿಕ್ಸರ್‌ನಲ್ಲೂ ಇರುವ ಕ್ಯೂ ಬಟನ್ ಮಾಡುವುದು ಅದೇ ಕೆಲಸ.

ಕಂಪ್ಯೂಟರಿನ ಭಾಷೆಯಲ್ಲಿ ಹೇಳುವುದಾದರೆ ನಿಮಗೆ ಎರಡು ಬೇರೆ ಸ್ಟೀರಿಯೊ ಔಟ್‌ಪುಟ್ ಬೇಕು. ಒಂದು ಸ್ಪೀಕರಿಗೆ, ಒಂದು ಕಿವಿಗೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಒಂದೇ ಇರುತ್ತದೆ. ಕಂಟ್ರೋಲರ್ ಒಳಗೇ ಸೌಂಡ್ ಕಾರ್ಡ್ ಇದ್ದರೆ ತಲೆನೋವಿಲ್ಲ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಒಂದು ಸ್ಪ್ಲಿಟರ್ ಕೇಬಲ್ ತಂದು ಎಡ ತಂತಿಯನ್ನು ಸ್ಪೀಕರಿಗೂ ಬಲ ತಂತಿಯನ್ನು ಹೆಡ್‌ಫೋನಿಗೂ ಕೊಡಬಹುದು. ಸ್ಟೀರಿಯೊ ಹೋಗಿ ಮೊನೊ ಆಗುತ್ತದೆ, ಕಲಿಯಲು ಏನೂ ತೊಂದರೆ ಇಲ್ಲ. ಸಾಫ್ಟ್‌ವೇರಿಗೂ ದುಡ್ಡು ಹಾಕಬೇಕಿಲ್ಲ. ಮಿಕ್ಸ್‌ಕ್ಸ್ ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಇನ್ನು ಬೆರಳಿನ ವಿಷಯ. ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಟರ್ನ್‌ಟೇಬಲ್ 1972ರಲ್ಲಿ ಬಂತು. ಡಿಜೆಗಳ ಮನೆಮಾತಾದದ್ದು 1979ರ ಎಂಕೆ2 ಮಾದರಿ. ಅದಕ್ಕೂ ಮೊದಲು ಹಲವು ಯಂತ್ರಗಳಲ್ಲಿ ಮೋಟರಿನಿಂದ ತಟ್ಟೆಗೆ ರಬ್ಬರ್ ಬೆಲ್ಟ್ ಇರುತ್ತಿತ್ತು. ಕೈ ಇಟ್ಟು ನಿಲ್ಲಿಸಿದರೆ ಬೆಲ್ಟ್ ಎಳೆದುಕೊಳ್ಳುತ್ತಿತ್ತು, ಬಿಟ್ಟಮೇಲೆ ವೇಗಕ್ಕೆ ಬರಲು ಹೊತ್ತು ಹಿಡಿಯುತ್ತಿತ್ತು. ಟೆಕ್ನಿಕ್ಸ್ ಬೆಲ್ಟನ್ನೇ ತೆಗೆದುಹಾಕಿ ತಟ್ಟೆಯನ್ನೇ ಮೋಟರಿನ ಭಾಗ ಮಾಡಿತು. ನಿಂತ ತಟ್ಟೆ 0.7 ಸೆಕೆಂಡಿನಲ್ಲಿ ಪೂರ್ತಿ ವೇಗಕ್ಕೆ ಬರುತ್ತದೆ.

ಪೂರ್ತಿ ವೇಗ ಅಂದರೆ ನಿಮಿಷಕ್ಕೆ 33⅓ ಸುತ್ತು, ಒಂದು ಸುತ್ತಿಗೆ 1.8 ಸೆಕೆಂಡ್. ಹನ್ನೆರಡು ಇಂಚಿನ ರೆಕಾರ್ಡಿನ ಅಂಚಿನ ಸುತ್ತಳತೆ ಸುಮಾರು 94 ಸೆಂಟಿಮೀಟರ್. ಅಂದರೆ ಅಂಚನ್ನು ಒಂದು ಮಿಲಿಮೀಟರ್ ತಳ್ಳಿದರೆ ಹಾಡು ಹೆಚ್ಚುಕಡಿಮೆ 2 ಮಿಲಿಸೆಕೆಂಡ್ ಸರಿಯುತ್ತದೆ. ಈಗಿನ ಕಂಟ್ರೋಲರ್‌ಗಳ ಜಾಗ್ ವ್ಹೀಲ್ (ರೆಕಾರ್ಡಿನ ಬದಲು ಕೈಯಿಂದ ತಿರುಗಿಸುವ ಚಕ್ರ) ಕೂಡ ಸಾಮಾನ್ಯವಾಗಿ ಇದೇ 33⅓ರ ಲೆಕ್ಕದಲ್ಲೇ ನಡೆಯುತ್ತದೆ. ಚಕ್ರ 15 ಸೆಂಟಿಮೀಟರ್ ಅಗಲ ಇದ್ದರೆ ಒಂದು ಮಿಲಿಮೀಟರಿಗೆ ಸುಮಾರು 4 ಮಿಲಿಸೆಕೆಂಡ್. 10 ಸೆಂಟಿಮೀಟರಿನ ಪುಟ್ಟ ಚಕ್ರವಾದರೆ ಸುಮಾರು 6. ದೊಡ್ಡ ಚಕ್ರ ಸುಮ್ನೆ ಅಂದಕ್ಕೆ ಇರುವುದಲ್ಲ. ಅದೇ ಬೆರಳಿನ ಅದೇ ಅಲುಗಾಟಕ್ಕೆ ಅದು ಕಡಿಮೆ ತಪ್ಪು ಮಾಡುತ್ತದೆ. ಮೇಜಿನ ಮೇಲೆ ಜಾಗ ಇದ್ದರೆ, ಪ್ಯಾಡ್ ಜಾಸ್ತಿ ಇರುವುದಕ್ಕಿಂತ ಚಕ್ರ ದೊಡ್ಡದಿರುವುದನ್ನು ಆರಿಸಿ.

ಪಿಚ್ ಫೇಡರ್ ಅಂದರೆ ಹಾಡಿನ ವೇಗ ಏರಿಸಿ ಇಳಿಸುವ ಜಾರುಗುಂಡಿ. ಅದರ ವಿಷಯದಲ್ಲಿ ಇನ್ನೂ ಗಮನ ಬೇಕು, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನೀವು ಫೇಡರ್ ಸರಿಸಿದಾಗ ಅದು ಕಂಪ್ಯೂಟರಿಗೆ ಒಂದು ಸಂಖ್ಯೆ ಕಳಿಸುತ್ತದೆ. ಅಗ್ಗದ ಕೆಲವು ಕಂಟ್ರೋಲರ್‌ಗಳು 0ರಿಂದ 127ರವರೆಗೆ ಮಾತ್ರ ಎಣಿಸುತ್ತವೆ. ಒಳ್ಳೆಯವು 16,384 ಮೆಟ್ಟಿಲು ಎಣಿಸುತ್ತವೆ. ವೇಗದ ವ್ಯಾಪ್ತಿ ಮೇಲೆ ಕೆಳಗೆ ಶೇ. 8 ಅಂತ ಇಟ್ಟರೆ, ಒಟ್ಟು 16ನ್ನು 127 ಭಾಗ ಮಾಡಿದಾಗ ಒಂದು ಮೆಟ್ಟಿಲಿಗೆ ಶೇ. 0.126 ಬರುತ್ತದೆ. ನಿಮಗೆ ಬೇಕಾದ ವೇಗ ಎರಡು ಮೆಟ್ಟಿಲ ನಡುವೆ ಬಿದ್ದರೆ ನಿಮಿಷಕ್ಕೆ 38 ಮಿಲಿಸೆಕೆಂಡ್‌ವರೆಗೆ ಜಾರುತ್ತದೆ. ನಿಮ್ಮ ಕಿವಿ ಎಷ್ಟೇ ಚುರುಕಾಗಿದ್ದರೂ ಆ ಯಂತ್ರ ನಿಮ್ಮನ್ನು ಸರಿಯಾದ ಜಾಗದಲ್ಲಿ ನಿಲ್ಲಲು ಬಿಡುವುದಿಲ್ಲ. ಪರೀಕ್ಷೆ ಸುಲಭ. ಫೇಡರನ್ನು ಕೂದಲೆಳೆಯಷ್ಟು ಸರಿಸಿ, ಪರದೆಯ ಶೇಕಡಾ ಸಂಖ್ಯೆ ನೋಡಿ. ಅದು 0.02, 0.03 ಅಂತ ಮೆಲ್ಲಗೆ ಏರಿದರೆ ಕೊಳ್ಳಿ, 0.13, 0.25 ಅಂತ ನೆಗೆದರೆ ಬಿಟ್ಟುಬಿಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಹಾಡು ಓಡುತ್ತಿರಲಿ, ಪ್ರತಿ ಫೇಡರನ್ನೂ ನಾಬನ್ನೂ (ತಿರುಗಿಸುವ ಗುಂಡಿಯನ್ನೂ) ತುಂಬಾ ನಿಧಾನವಾಗಿ ಕೊನೆಯಿಂದ ಕೊನೆಗೆ ಸರಿಸಿ. ಕರಕರ ಅಂದರೆ ಒಳಗೆ ಧೂಳು ಕೂತಿದೆ ಅಥವಾ ಸವೆದಿದೆ. ಯುಎಸ್‌ಬಿ ತಂತಿಯನ್ನು ಸ್ವಲ್ಪ ಅಲ್ಲಾಡಿಸಿ ನೋಡುವುದನ್ನೂ ಮರೆಯಬೇಡಿ.

ಹೆಡ್‌ಫೋನ್ ತಂತಿಯದ್ದೇ ಇರಲಿ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್ ಸದ್ದನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಡಿಸಿ ಕೇಳಿಸುವಷ್ಟರಲ್ಲಿ 150ರಿಂದ 250 ಮಿಲಿಸೆಕೆಂಡ್ ಹೋಗಿರುತ್ತದೆ. 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೆ ಇರುವುದೇ 500 ಮಿಲಿಸೆಕೆಂಡ್. ಹೆಚ್ಚುಕಡಿಮೆ ಅರ್ಧ ಬಡಿತ ಹಳೆಯದಾದ ಸದ್ದನ್ನು ಕೇಳಿಕೊಂಡು ಏನು ಹೊಂದಿಸುವುದು? ಫಿಲ್ಮ್ ನೋಡುವಾಗ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಫೋನು ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸುತ್ತದೆ. ಸೆನ್‌ಹೈಸರ್ ಎಚ್‌ಡಿ 25 ಎಂಬ ಪುಟ್ಟ ಹೆಡ್‌ಫೋನ್ 1988ರಿಂದ ಇವತ್ತಿನವರೆಗೂ ಡಿಜೆಗಳ ಕುತ್ತಿಗೆಯಲ್ಲಿ ಇದೆ. ಹಗುರ, ಒಂದು ಕಿವಿಯ ಬಟ್ಟಲನ್ನು ಹಿಂದಕ್ಕೆ ಸರಿಸಬಹುದು, ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಅದೇ ಬೇಕು ಅಂತಿಲ್ಲ. ಈ ಗುಣಗಳಿರುವ ಯಾವುದಾದರೂ ಆದೀತು.

ಲ್ಯಾಪ್‌ಟಾಪ್ ಒಳಗೂ ಒಂದು ತಡ ಇದೆ. ಸಾಫ್ಟ್‌ವೇರ್ ಸದ್ದನ್ನು ಬಿಡಿಬಿಡಿ ಕಟ್ಟುಗಳಾಗಿ ಕಳಿಸುತ್ತದೆ, ಅದರ ಗಾತ್ರಕ್ಕೆ ಬಫರ್ ಅಂತಾರೆ. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಲೆಕ್ಕದಲ್ಲಿ 512ರ ಬಫರ್ ಅಂದರೆ ಸುಮಾರು 12 ಮಿಲಿಸೆಕೆಂಡ್, 1024 ಅಂದರೆ 23. ಕಡಿಮೆ ಇಟ್ಟಷ್ಟೂ ಕೈಗೆ ಚುರುಕು, ಆದರೆ ಹಳೇ ಕಂಪ್ಯೂಟರ್ ಸುಸ್ತಾಗಿ ಪಟಪಟ ಅನ್ನತೊಡಗುತ್ತದೆ. 256ರಿಂದ ಶುರು ಮಾಡಿ, ಪಟಪಟ ನಿಲ್ಲುವವರೆಗೆ ಏರಿಸಿ.

ಗಾಳಿಯದ್ದೂ ಲೆಕ್ಕ ಇದೆ. ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ನಮ್ಮ ಸಂಬಂಧಿಕರ ಮನೆಯ ನಾಮಕರಣಕ್ಕೆ ಕಲ್ಯಾಣ ಮಂಟಪದಲ್ಲಿ ಹಾಡು ಹಾಕಿದ್ದೆ. ಸ್ಪೀಕರ್ ಇದ್ದದ್ದು ಹತ್ತು ಮೀಟರ್ ಆಚೆ. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದಕ್ಕೆ ಮಂಟಪದ ಸದ್ದು. ಎರಡನ್ನೂ ಎಷ್ಟು ಚೆನ್ನಾಗಿ ಹೊಂದಿಸಿದರೂ ಹಾಡು ಸೇರಿಸಿದ ಕೂಡಲೇ ಧ-ಧಡ್, ಧ-ಧಡ್. ಆಮೇಲೆ ತಿಳಿಯಿತು, ಸ್ಪೀಕರಿನ ಸದ್ದು ನನಗೆ ತಲುಪುವಾಗಲೇ 29 ಮಿಲಿಸೆಕೆಂಡ್ ತಡವಾಗಿತ್ತು, ನಾನು ಆ ತಡಕ್ಕೇ ಹೊಂದಿಸುತ್ತಿದ್ದೆ. ಎರಡೂ ಹಾಡನ್ನು ಹೆಡ್‌ಫೋನಿನಲ್ಲೇ ಕೇಳಿ ಹೊಂದಿಸಬೇಕು. ಅದಕ್ಕೇ ಕ್ಯೂ-ಮಿಕ್ಸ್ ಎಂಬ ನಾಬ್ ಇರುತ್ತದೆ. ದೊಡ್ಡ ಜಾಗಗಳಲ್ಲಿ ಡಿಜೆ ಪಕ್ಕದಲ್ಲೇ ಒಂದು ಮಾನಿಟರ್ ಸ್ಪೀಕರ್ ಇಡುವುದೂ ಇದೇ ಕಾರಣಕ್ಕೆ.

ವೇಗ ಏರಿಸಿದರೆ ಶ್ರುತಿಯೂ ಏರುತ್ತದೆ. ಶೇ. 6ರಷ್ಟು ವೇಗ ಹೆಚ್ಚಿಸಿದರೆ ಹಾಡು ಹೆಚ್ಚುಕಡಿಮೆ ಅರ್ಧ ಸ್ವರ ಮೇಲೆ ಹೋಗುತ್ತದೆ, ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ, ಅಂದರೆ ಪಕ್ಕದ ಕೀಗೆ, ಹೋದ ಹಾಗೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾಗವತರದ್ದು ಕಪ್ಪು ಎರಡು, ಚೆಂಡೆ ಇನ್ನೊಂದು ಶ್ರುತಿಯಲ್ಲಿ ಅಂದರೆ ಹೇಗಿರುತ್ತದೆ? ಕೀ-ಲಾಕ್ ಬಟನ್ ಒತ್ತಿದರೆ ಸಾಫ್ಟ್‌ವೇರ್ ಸದ್ದನ್ನು ಚಿಕ್ಕ ಚಿಕ್ಕ ಚೂರು ಮಾಡಿ, ಒಂದರ ತುದಿಯನ್ನು ಇನ್ನೊಂದರ ಮೇಲೆ ಹೊಂದಿಸಿ ಅಂಟಿಸಿ, ಶ್ರುತಿ ಕೆಡದಂತೆ ವೇಗ ಬದಲಿಸುತ್ತದೆ. ಮೂರು ನಾಲ್ಕು ಶೇಕಡಾ ಚೆನ್ನಾಗಿರುತ್ತದೆ. ಹತ್ತಕ್ಕೆ ಹೋದರೆ ಡ್ರಮ್ಮಿನ ಏಟು ಮೊಂಡಾಗುತ್ತದೆ, ಹಾಡಿದವರ ಗಂಟಲು ನಡುಗುತ್ತದೆ.

ಎರಡು ಹಾಡಿನ ಬೇಸನ್ನು ಒಟ್ಟಿಗೆ ಬಿಡಬೇಡಿ. ಎರಡೂ ಒಂದೇ ಗಳಿಗೆಗೆ ಬಂದರೆ ಅಲೆ ಎರಡು ಪಟ್ಟಾಗಿ 6 ಡೆಸಿಬೆಲ್ ಏರುತ್ತದೆ, ಕೆಂಪು ದೀಪ ಹತ್ತುತ್ತದೆ, ಸದ್ದು ಒಡೆದು ಕೇಳುತ್ತದೆ. ಸ್ವಲ್ಪ ಜಾರಿದ್ದರೆ ಇನ್ನೊಂದು ಕಷ್ಟ. 50 ಹರ್ಟ್ಸ್‌ನ ಒಂದು ಅಲೆಗೆ 20 ಮಿಲಿಸೆಕೆಂಡ್. ಹತ್ತು ಮಿಲಿಸೆಕೆಂಡ್ ಜಾರಿದರೆ ಒಂದರ ಏರು ಇನ್ನೊಂದರ ತಗ್ಗಿಗೆ ಬಿದ್ದು ಬೇಸ್ ಮಾಯವಾಗುತ್ತದೆ. ಒಂದರ ಬೇಸ್ ಪೂರ್ತಿ ಇಳಿಸಿ, ಇನ್ನೊಂದರದ್ದು ಏರಿಸಿ. ಅದಕ್ಕೇ ಪ್ರತಿ ಚಾನೆಲ್‌ಗೂ ಬೇರೆ ಬೇರೆ ಹೈ, ಮಿಡ್, ಲೋ ನಾಬ್ ಇರಲೇಬೇಕು.

ನಮ್ಮಲ್ಲಿ ಡಿಜೆ ಅಂದ ಕೂಡಲೇ ಗಣೇಶನ ಮೆರವಣಿಗೆಯ ಲಾರಿ ಮೇಲಿನ ಬಾಕ್ಸ್‌ಗಳೇ ಕಣ್ಣಿಗೆ ಬರುತ್ತವೆ. ಈ ಹವ್ಯಾಸಕ್ಕೆ ಅಷ್ಟು ಸದ್ದು ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ನಾಲ್ಕೇ ಗಂಟೆ. ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ. ಈ ಕೆಲಸದಲ್ಲಿ ಕಿವಿಗಿಂತ ದೊಡ್ಡ ಸಾಮಾನು ಇನ್ನೊಂದಿಲ್ಲ, ಅದಕ್ಕೆ ಸೆಕೆಂಡ್ ಹ್ಯಾಂಡೂ ಸಿಗುವುದಿಲ್ಲ.

"ಸಿಂಕ್ ಬಟನ್ ಇರುವಾಗ ಇಷ್ಟೆಲ್ಲ ಯಾಕೆ?" ಅಂತ ಕೇಳುವವರಿದ್ದಾರೆ. ಒತ್ತಿದರೆ ಎರಡು ಹಾಡಿನ ಬಡಿತವನ್ನು ಸಾಫ್ಟ್‌ವೇರೇ ಹೊಂದಿಸುವ ಬಟನ್ ಅದು. ಸಿಂಕ್ ಕೆಟ್ಟದ್ದಲ್ಲ, ನಾನೂ ಬಳಸುತ್ತೇನೆ. ಆದರೆ ಕನ್ನಡದ ಹಳೇ ಸಿನಿಮಾ ಹಾಡುಗಳನ್ನು ಹಾಕಿ ನೋಡಿ. ಅರವತ್ತು ಎಪ್ಪತ್ತರ ದಶಕದಲ್ಲಿ ವಾದ್ಯದವರು, ಹಾಡುವವರು ಎಲ್ಲರೂ ಒಟ್ಟಿಗೆ ಕೂತು ಮನುಷ್ಯರ ಲಯದಲ್ಲಿ ನುಡಿಸಿದ ಹಾಡುಗಳು ಅವು. ಪಲ್ಲವಿಯಲ್ಲಿ 98 ಇದ್ದ ವೇಗ ಕೊನೆಯ ಚರಣಕ್ಕೆ 101 ಆಗಿರುತ್ತದೆ, ನಡುವಿನ ವಯಲಿನ್ ತುಣುಕಿನಲ್ಲಿ ಉಸಿರು ತಗೊಂಡ ಹಾಗೆ ತುಸು ನಿಲ್ಲುತ್ತದೆ. ಸಾಫ್ಟ್‌ವೇರ್ ಸಾಮಾನ್ಯವಾಗಿ ಇಡೀ ಹಾಡಿಗೆ ಒಂದೇ ವೇಗ ಅಂತ ಗೆರೆ ಹಾಕುತ್ತದೆ. ಆ ಗೆರೆ ಎರಡನೇ ಚರಣದ ಹೊತ್ತಿಗೆ ತಬಲದಿಂದ ಎಲ್ಲೋ ದೂರ ಹೋಗಿರುತ್ತದೆ. ಅಲ್ಲಿ ಉಳಿಯುವುದು ಕಿವಿ, ಬೆರಳು ಎರಡೇ. ಚಕ್ರದ ಅಂಚನ್ನು ಮುಟ್ಟುತ್ತಾ, ಬಿಡುತ್ತಾ, ತಬಲದವರ ಜೊತೆಗೇ ನಡೆಯಬೇಕು. ನನಗೆ ಈ ಹವ್ಯಾಸದಲ್ಲಿ ಅತಿ ಇಷ್ಟವಾದ ಕೆಲಸ ಅದು.

ಕಿವಿಗೆ ಅಭ್ಯಾಸ ಕೊಡಲು ಒಂದು ದಾರಿ ಇದೆ, ಖರ್ಚಿಲ್ಲ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಒಂದು ಪಾರ್ಟಿಯಿಂದ ಹೆಸರಾದ ಡಿಜೆ ಕೂಲ್ ಹರ್ಕ್, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಡ್ರಮ್ ಭಾಗವನ್ನು ಬೆಳೆಸುತ್ತಿದ್ದ. ನೀವೂ ಎರಡೂ ಕಡೆ ಒಂದೇ ಹಾಡು ಹಾಕಿ. ಸಿಂಕ್, ಕೀ-ಲಾಕ್, ಕ್ವಾಂಟೈಸ್ (ಒತ್ತಿದ್ದನ್ನು ಬಡಿತಕ್ಕೆ ತಾನೇ ಕೂರಿಸುವ ಸೌಲಭ್ಯ) ಎಲ್ಲ ಆಫ್ ಮಾಡಿ, ವೇಗ ಎರಡರದ್ದೂ ಸೊನ್ನೆಯಲ್ಲಿರಲಿ. ಒಂದನ್ನು ಬಿಟ್ಟು, ಇನ್ನೊಂದನ್ನು ಕೈಯಿಂದ ಅದರ ಮೇಲೆ ಕೂರಿಸಲು ನೋಡಿ. ದೂರ ಇದ್ದಾಗ ಧ-ಧಡ್ ಕೇಳುತ್ತದೆ. ಹತ್ತಿರ ಬಂದಾಗ ಒಂದೇ ಧಡ್. ಇನ್ನೂ ಹತ್ತಿರ ಬಂದರೆ ಹಾಡು ಕೊಳವೆಯೊಳಗಿಂದ ಬಂದ ಹಾಗೆ, ಜೆಟ್ ವಿಮಾನ ಹಾದುಹೋದ ಹಾಗೆ 'ಶೂಊಊ' ಅನ್ನತೊಡಗುತ್ತದೆ. ಒಂದು ಮಿಲಿಸೆಕೆಂಡ್ ಅಂತರ ಇದ್ದರೆ 500, 1500, 2500 ಹರ್ಟ್ಸ್‌ಗಳಲ್ಲಿ ಎರಡು ಅಲೆಗಳು ಒಂದನ್ನೊಂದು ಅಳಿಸುತ್ತವೆ. ಅಂತರ ಅರ್ಧಕ್ಕಿಳಿದರೆ ಮೊದಲ ಅಳಿಕೆ 1000ಕ್ಕೆ ಏರುತ್ತದೆ. ಆ 'ಶೂಊಊ' ಮೇಲೇರುತ್ತಿದ್ದರೆ ನೀವು ಹತ್ತಿರವಾಗುತ್ತಿದ್ದೀರಿ, ಇಳಿಯುತ್ತಿದ್ದರೆ ದೂರ ಹೋಗುತ್ತಿದ್ದೀರಿ. ಚಕ್ರದ ಅಂಚಿಗೆ ಕಿರುಬೆರಳು ತಾಗಿಸಿ, ಒಂದು ಮಿಲಿಮೀಟರಿಗಿಂತ ಕಡಿಮೆ ತಳ್ಳಿ. ಸದ್ದು ಮೇಲೇರುತ್ತಾ ಹೋಗಿ ಒಂದು ಗಳಿಗೆ ಪೂರ್ತಿ ಮಾಯವಾಗುತ್ತದೆ, ಎರಡು ಹಾಡು ಒಂದಾಗಿ, ಜೋರಾಗಿ, ಸ್ವಚ್ಛವಾಗಿ ಕೇಳುತ್ತದೆ.