ಹರೆಯದವರು ದವಾಖಾನೆಗೆ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ

ಧಾರವಾಡದ ಸಪ್ತಾಪುರದ ಸುತ್ತಮುತ್ತ ಕೋಚಿಂಗ್‌ಗೆಂದು ಬಂದು ರೂಮು ಹಿಡಿದಿರುವ ಹುಡುಗಿಯರಲ್ಲಿ ಎಷ್ಟೋ ಮಂದಿ ಮುಟ್ಟಿನ ತೊಂದರೆಗೋ ಬಿಳಿ ಸೆರಗಿಗೋ ಅಲ್ಲಿಯೇ ತೋರಿಸಿಕೊಳ್ಳದೆ, ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಬರುತ್ತಾರೆ. ಹುಬ್ಬಳ್ಳಿಯವರು ಇದೇ ಕಾರಣಕ್ಕೆ ಧಾರವಾಡಕ್ಕೆ ಹೋಗುತ್ತಾರೆ. ಎರಡೂ ಊರುಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ, ಸ್ತ್ರೀರೋಗ ತಜ್ಞರಿಗೂ ಕೊರತೆಯಿಲ್ಲ. ಆದರೂ ಈ ಓಡಾಟ ನಡೆಯುವುದು ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಮಾತ್ರವಲ್ಲ, ಹಿಂದೊಮ್ಮೆ ಆಸ್ಪತ್ರೆಯಲ್ಲಿ ಕೇಳಿಸಿಕೊಂಡ ಮಾತು ಮತ್ತೆ ಕೇಳಿಸಿಕೊಳ್ಳುವುದು ಬೇಡವೆಂದೂ ಹೌದು. ಹರೆಯದವರು ಚಿಕಿತ್ಸೆಗೆ ತಡವಾಗಿ ಬರುವುದಕ್ಕೆ ನಾಚಿಕೆ ಮತ್ತು ತಿಳಿವಳಿಕೆಯ ಕೊರತೆಯೇ ಕಾರಣವೆಂದು ನಮ್ಮ ಸಭೆಗಳಲ್ಲಿ ಹೇಳುತ್ತಾ ಬಂದಿದ್ದೇವೆ. ಸ್ತ್ರೀರೋಗ ತಜ್ಞೆಯಾಗಿ ಈ ಭಾಗದಲ್ಲಿ ಕೆಲಸ ಮಾಡುತ್ತಾ ನಾನು ಕಂಡಿರುವ ಮಟ್ಟಿಗೆ, ಅದಕ್ಕಿಂತ ದೊಡ್ಡ ಅಡ್ಡಿ ಇರುವುದು ಮೇಜಿನ ಈ ಬದಿಯಲ್ಲಿ, ಅಂದರೆ ನಮ್ಮಲ್ಲಿ.

ಚೀಟಿ ಮಾಡುವ ಕಿಟಕಿಯಲ್ಲಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, ‘ಲಗ್ನ ಆಗೇತೇನ?’ ಎಂಬ ಪ್ರಶ್ನೆ ಬರುತ್ತದೆ. ಅದನ್ನೇ ಸಿಸ್ಟರ್ ಇನ್ನೊಮ್ಮೆ ಕೇಳುತ್ತಾರೆ, ಸ್ಕ್ಯಾನಿಂಗ್ ಕೋಣೆಯಲ್ಲಿ ಮತ್ತೊಮ್ಮೆ ಕೇಳುತ್ತಾರೆ. ನಮಗೆ ನಿಜವಾಗಿ ಬೇಕಾಗಿರುವುದು ಕೊನೆಯ ಮುಟ್ಟಿನ ದಿನ, ಗರ್ಭ ನಿಂತಿರುವ ಸಂಭವವಿದೆಯೇ, ನೋವು ಯಾವ ಬದಿಗೆ, ಸ್ರಾವಕ್ಕೆ ವಾಸನೆಯೋ ತುರಿಕೆಯೋ ಇದೆಯೇ ಎಂಬ ಸಂಗತಿಗಳು. ಇವುಗಳಲ್ಲಿ ಒಂದಕ್ಕೂ ತಾಳಿ ಉತ್ತರ ಕೊಡುವುದಿಲ್ಲ. ತಾಯಿಯೆದುರು ಕೇಳಿದ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದ ಕೂಡಲೇ ವೈದ್ಯರು ಗರ್ಭದ ಸಂಭವವನ್ನೇ ಲೆಕ್ಕದಿಂದ ಕೈಬಿಟ್ಟು ಹೊಟ್ಟೆನೋವಿಗೆ ಗುಳಿಗೆ ಬರೆದು ಕಳಿಸುವುದುಂಟು. ಗರ್ಭಕೋಶದ ಹೊರಗೆ, ನಳಿಕೆಯಲ್ಲಿ ಗರ್ಭ ನಿಂತಿದ್ದರೆ ಆ ಗುಳಿಗೆಯ ಬೆಲೆ ಒಂದು ಜೀವ.

ಆದ್ದರಿಂದ ಪ್ರಶ್ನೆಯನ್ನು ಯಾರೆದುರು, ಹೇಗೆ ಕೇಳಬೇಕೆಂಬುದು ಸೌಜನ್ಯದ ಮಾತಲ್ಲ, ಚಿಕಿತ್ಸೆಯ ಭಾಗ. ಕಳಘಟಗಿ ಕಡೆಯ ತಾಯಿಯೊಬ್ಬರು ಕಾಲೇಜಿಗೆ ಹೋಗುವ ಮಗಳನ್ನು ಕರೆತಂದು, ‘ಹೊಟ್ಟಿ ಬ್ಯಾನಿ ಅಂತಾಳ್ರಿ ಡಾಕ್ಟರ್, ಊಟಾನೂ ಸೇರವಲ್ದು’ ಎಂದರೆಂದು ಇಟ್ಟುಕೊಳ್ಳಿ. ತಾಯಿಯ ಮಾತನ್ನು ಪೂರ್ತಿ ಕೇಳಿದ ಮೇಲೆ ನಾನು ಹೇಳುವುದಿಷ್ಟು: ‘ಈ ವಯಸ್ಸಿನವರ ಜೋಡಿ ಒಂದೈದು ನಿಮಿಷ ಒಬ್ಬರನ್ನ ಕೂಡಿಸಿಕೊಂಡು ಮಾತಾಡ್ತೀವ್ರಿ ಅವ್ವಾರ, ಎಲ್ಲಾರಿಗೂ ಹಂಗ. ನೀವು ಹೊರಗ ಕೂತಿರ್ರಿ, ಆಮ್ಯಾಲೆ ಕರೀತೀನಿ.’ ಎಲ್ಲರಿಗೂ ಹಾಗೆಯೇ ಎಂದು ಹೇಳುವುದು ಬಹಳ ಮುಖ್ಯ. ಇಲ್ಲವಾದರೆ ತಾಯಿಗೆ ಸಂಶಯ ಬರುತ್ತದೆ, ಮಗಳಿಗೆ ಮನೆಯಲ್ಲಿ ವಿಚಾರಣೆ ಕಾದಿರುತ್ತದೆ. ಬಾಗಿಲು ಹಾಕಿದ ಮೇಲೆ ಹುಡುಗಿಗೆ ಹೇಳುತ್ತೇನೆ: ‘ಇದನ್ನ ಎಲ್ಲಾರಿಗೂ ಕೇಳ್ತೀನಿ. ಔಷಧ ಬರಿಯೂಕಿಂತ ಮೊದ್ಲ ಬಸುರು ಇರಬಹುದೇನಂತ ತಿಳ್ಕೋಬೇಕಾಗ್ತದ. ಅಂಥಾದ್ದೇನರ ಇರಬಹುದೇನವಾ?’ ಹೆಚ್ಚಿನ ಹುಡುಗಿಯರು ಇಲ್ಲವೆಂದು ತಲೆಯಾಡಿಸುತ್ತಾರೆ, ನಂತರ ತಮ್ಮ ನಿಜವಾದ ಚಿಂತೆಯನ್ನು ಹೇಳುತ್ತಾರೆ: ಮೂರು ತಿಂಗಳಿಂದ ಮುಟ್ಟಾಗಿಲ್ಲ, ಬಿಳಿ ಸೆರಗಿನಿಂದ ಮೈ ಸವೆದು ಹೋಗುತ್ತದೆಂದು ಯಾರೋ ಹೇಳಿದ್ದಾರೆ, ಮುಟ್ಟಿನ ನೋವಿಗೆ ತರಗತಿ ತಪ್ಪುತ್ತಿದೆ. ಎರಡು ಮುಟ್ಟುಗಳ ನಡುವಿನ ದಿನಗಳಲ್ಲಿ ವಾಸನೆ, ತುರಿಕೆ ಇಲ್ಲದೆ ತಿಳಿಯಾಗಿ ಹೋಗುವ ಸ್ರಾವ ರೋಗವಲ್ಲವೆಂದು ತಿಳಿಸಿದಾಗ ಅವರಿಗೆ ಆಗುವ ಸಮಾಧಾನವನ್ನು ನೋಡಿದರೆ, ಈ ಐದು ನಿಮಿಷವನ್ನು ನಾವು ಏಕೆ ಕೊಡುತ್ತಿಲ್ಲವೆಂದು ಬೇಸರವಾಗುತ್ತದೆ.

ಮದುವೆಯಾದವರಿಗಾದರೂ ದಾರಿ ಸುಗಮವೇ ಎಂದರೆ, ಅದೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಹತ್ತೊಂಬತ್ತರ ಸೊಸೆ ರೋಣದಿಂದಲೋ ಹಾನಗಲ್ಲಿನಿಂದಲೋ ಬಂದು, ಪದವಿ ಮುಗಿಯುವವರೆಗೆ ಮಗು ಬೇಡವೆಂದರೆ, ‘ಮೊದ್ಲ ಒಂದು ಕೂಸು ಆಗ್ಲಿ, ಆಮ್ಯಾಲೆ ನೋಡೂಣು’ ಎಂದು ಅತ್ತೆಗಿಂತ ಮೊದಲು ನಮ್ಮವರೇ ಹೇಳಿಬಿಡುತ್ತಾರೆ. ಗುಳಿಗೆ ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಿಲ್ಲವೆಂಬ ಭಯವನ್ನೂ ಕೆಲವರು ಸೇರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡಗಳಲ್ಲಿ ಗರ್ಭನಿರೋಧಕ ಗುಳಿಗೆಗೆ ಎಳೆವಯಸ್ಸು ಅಡ್ಡಿಯಲ್ಲ, ಗರ್ಭಕೋಶದೊಳಗೆ ಇಡುವ ಕಾಪರ್-ಟಿಗೆ ಮೊದಲೊಂದು ಹೆರಿಗೆಯಾಗಿರಬೇಕೆಂಬ ನಿಯಮವೂ ಇಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದು ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು, ಅಷ್ಟನ್ನು ಮೊದಲೇ ತಿಳಿಸಿ ನಿರ್ಧಾರವನ್ನು ಅವಳಿಗೆ ಬಿಡುವುದೇ ನಮ್ಮ ಕೆಲಸ.

ಮದುವೆಯಾಗದ, ಹದಿನೆಂಟು ದಾಟಿದ ಹುಡುಗಿ ಗರ್ಭಿಣಿಯಾಗಿ ಬಂದಾಗ ನಮ್ಮ ಧೋರಣೆಯ ನಿಜವಾದ ಪರೀಕ್ಷೆ ನಡೆಯುತ್ತದೆ. ಯಾರ ಸಹಿ ಬೇಕು ಎಂಬುದನ್ನು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಸ್ಪಷ್ಟವಾಗಿ ಹೇಳಿದೆ: ಅವಳದು ಮಾತ್ರ. ಗಂಡನದಾಗಲಿ ತಂದೆಯದಾಗಲಿ ಬೇಕಿಲ್ಲ. 2021ರ ತಿದ್ದುಪಡಿ ಗರ್ಭನಿರೋಧಕ ವಿಫಲವಾದ ಸಂದರ್ಭದ ವಿವರಣೆಯಲ್ಲಿ ‘ವಿವಾಹಿತ ಮಹಿಳೆ ಅಥವಾ ಅವಳ ಗಂಡ’ ಎಂದಿದ್ದುದನ್ನು ತೆಗೆದು ‘ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ’ ಎಂದು ಬದಲಿಸಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, 24 ವಾರಗಳವರೆಗಿನ ಅವಕಾಶದಲ್ಲಿ ಅವಿವಾಹಿತೆಯರನ್ನು ಹೊರಗಿಡುವಂತಿಲ್ಲವೆಂದು ತೀರ್ಪಿತ್ತಿತು. ಅವಳ ಹೆಸರು, ವಿವರವನ್ನು ಕಾನೂನಿನ ಅಧಿಕಾರವಿಲ್ಲದವರಿಗೆ ಬಿಟ್ಟುಕೊಡುವ ವೈದ್ಯರಿಗೆ ಒಂದು ವರ್ಷದವರೆಗೆ ಜೈಲುಶಿಕ್ಷೆ ಆಗಬಹುದು. ಇಷ್ಟಿದ್ದೂ ಸ್ಕ್ಯಾನಿಂಗ್‌ಗೆ ಕಳಿಸಿದರೆ, ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಂತೆ ತುಂಬಬೇಕಾದ ಎಫ್ ನಮೂನೆಯಲ್ಲಿ ಗಂಡನ ಹೆಸರು ಬರೆಯದೆ ಆಗುವುದಿಲ್ಲವೆಂದು ತಿರುಗಿ ಕಳಿಸುತ್ತಾರೆ. ಆ ನಮೂನೆಯ ಅದೇ ಸಾಲಿನಲ್ಲಿ ತಂದೆಯ ಅಥವಾ ತಾಯಿಯ ಹೆಸರು ಬರೆಯಲು ಅವಕಾಶವಿದೆಯೆಂಬುದನ್ನು ಓದುವ ತಾಳ್ಮೆ ಇರುವುದಿಲ್ಲ. ಹೀಗೆ ತಿರುಗಿ ಹೋದವಳು ಸುಮ್ಮನೆ ಕೂರುವುದಿಲ್ಲ. ಯಾರ ಕೈಯಿಂದಲೋ ಮೆಡಿಕಲ್ ಶಾಪ್‌ನಿಂದ ಗರ್ಭಪಾತದ ಗುಳಿಗೆ ತರಿಸಿ, ಎಷ್ಟು ವಾರವಾಗಿದೆ, ಗರ್ಭ ಎಲ್ಲಿ ನಿಂತಿದೆ ಎಂಬುದನ್ನು ನೋಡದೆ ನುಂಗುತ್ತಾಳೆ. ಒಂಬತ್ತು ವಾರದೊಳಗೆ, ವೈದ್ಯರ ನಿಗಾದಲ್ಲಿ ಸುರಕ್ಷಿತವಾದ ಔಷಧ ಹೀಗೆ ಅಪಾಯಕಾರಿಯಾಗುತ್ತದೆ. ಬೈದು ಕಳಿಸಿದ ವೈದ್ಯರಿಗೆ ಅವಳು ಕೊನೆಗೆ ಯಾವ ಆಸ್ಪತ್ರೆಯ ಕ್ಯಾಜುವಲ್ಟಿಗೆ ಹೋದಳೆಂಬುದು ತಿಳಿಯುವುದೂ ಇಲ್ಲ.

ಹದಿನೆಂಟರೊಳಗಿನವರ ವಿಷಯ ಇನ್ನೂ ಕಷ್ಟದ್ದು, ಇಲ್ಲಿ ವೈದ್ಯರ ಭಯಕ್ಕೆ ಆಧಾರವಿದೆ ಎಂದು ಒಪ್ಪುತ್ತೇನೆ. ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ಮಾಹಿತಿ ಕೊಡುವುದು ಕಡ್ಡಾಯ, ಇಬ್ಬರೂ ಒಪ್ಪಿ ನಡೆದ ಸಂಬಂಧವೆಂಬ ವಿನಾಯಿತಿ ಅದರಲ್ಲಿಲ್ಲ. ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ 2022ರ ನವೆಂಬರ್‌ನಲ್ಲಿ, ಹದಿನಾರು ದಾಟಿದವರ ಇಂಥ ಪ್ರಕರಣಗಳನ್ನು ಕಂಡು, ಸಮ್ಮತಿಯ ವಯಸ್ಸನ್ನು ಕಾನೂನು ಆಯೋಗ ಮರುಪರಿಶೀಲಿಸಬೇಕೆಂದು ಹೇಳಿತ್ತು. 2023ರಲ್ಲಿ ಆಯೋಗ ಅದನ್ನು ಬದಲಿಸುವುದು ಬೇಡವೆಂದಿತು. ಆದರೆ ಮಾಹಿತಿ ಕೊಡಬೇಕೆನ್ನುವ ಕಾನೂನು ಚಿಕಿತ್ಸೆ ನಿರಾಕರಿಸಿ ಎಂದು ಎಲ್ಲಿಯೂ ಹೇಳಿಲ್ಲ. ತುರ್ತು ಚಿಕಿತ್ಸೆಗೆ ಪೊಲೀಸರ ಪತ್ರ ಕೇಳುವಂತೆಯೇ ಇಲ್ಲ. ಗರ್ಭಪಾತದ ಸಂದರ್ಭದಲ್ಲಿ ಬಾಲಕಿ ಮತ್ತು ಪೋಷಕರು ಕೋರಿದರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲವೆಂದು ಸುಪ್ರೀಂ ಕೋರ್ಟಿನ ಅದೇ ತೀರ್ಪು ಹೇಳಿದೆ. ಈ ಕಾನೂನಿನ ಮಿತಿಯನ್ನು ಮಾತು ಶುರುವಾಗುವ ಮೊದಲೇ ಹುಡುಗಿಗೆ ತಿಳಿಸಬೇಕು. ಗುಟ್ಟಾಗಿಡುತ್ತೇನೆಂದು ಮಾತು ಕೊಟ್ಟು, ಎಲ್ಲ ಹೇಳಿಸಿಕೊಂಡ ಮೇಲೆ ಪೊಲೀಸರನ್ನು ಕರೆಯುವುದು ನಂಬಿಕೆದ್ರೋಹ.

2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19ರ ವಯಸ್ಸಿನವರಿಗೆಂದು ನಮ್ಮ ರಾಜ್ಯದಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಯೋಜನೆ ಒಳ್ಳೆಯದು. ಆದರೆ ಕಾಲೇಜು ನಡೆಯುವ ವೇಳೆಯಲ್ಲೇ ಕ್ಲಿನಿಕ್ ತೆರೆದರೆ, ಆಪ್ತಸಮಾಲೋಚಕರ ಕುರ್ಚಿ ಚುಚ್ಚುಮದ್ದಿನ ಸಾಲಿನ ಪಕ್ಕದಲ್ಲಿದ್ದರೆ ಅಲ್ಲಿಗೆ ಯಾರೂ ಬರುವುದಿಲ್ಲ. ಹುಡುಗರಂತೂ ಇತ್ತ ಸುಳಿಯುವುದೇ ಅಪರೂಪ. ಸ್ವಪ್ನಸ್ಖಲನದಂಥ ಸಹಜ ಸಂಗತಿಗೂ ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತು ನೋಡಿ ಹಣ ಸುರಿಯುತ್ತಾರೆ.

ಓದುಗರಲ್ಲಿ ಹರೆಯದವರಿದ್ದರೆ ಅವರಿಗೆ ಇಷ್ಟು ತಿಳಿದಿರಲಿ. ತುರ್ತು ಗರ್ಭನಿರೋಧಕ ಗುಳಿಗೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ತೆಗೆದುಕೊಳ್ಳಬೇಕು. ಅದು ಗರ್ಭಪಾತದ ಗುಳಿಗೆಯಲ್ಲ, ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ. ದಿನ ತಪ್ಪಿದ್ದರೆ ಆಶಾ ಕಾರ್ಯಕರ್ತೆಯರ ಬಳಿ ಸಿಗುವ ‘ನಿಶ್ಚಯ್’ ಕಿಟ್‌ನಿಂದ ಮೂತ್ರ ಪರೀಕ್ಷೆ ಮಾಡಿಕೊಳ್ಳಬಹುದು. ಕಿಬ್ಬೊಟ್ಟೆಯ ಒಂದೇ ಬದಿಗೆ ತೀವ್ರ ನೋವು, ತಲೆಸುತ್ತು ಅಥವಾ ಒಂದು ಗಂಟೆಯಲ್ಲಿ ಪ್ಯಾಡ್ ತೊಯ್ದುಹೋಗುವಷ್ಟು ರಕ್ತಸ್ರಾವವಿದ್ದರೆ ಹತ್ತಿರದ ಯಾವುದೇ ಆಸ್ಪತ್ರೆಯ ಕ್ಯಾಜುವಲ್ಟಿಗೆ ಹೋಗಬೇಕು, ಗುಳಿಗೆ ನುಂಗಿದ್ದರೆ ಅದರ ಖಾಲಿ ಪಟ್ಟಿಯನ್ನು ಜೊತೆಗೆ ಒಯ್ದು ವೈದ್ಯರ ಕೈಗೆ ಕೊಡಬೇಕು.